ಮೈಕಿನ ಮುಂದೆ ಬರೀ ಶೀತ

ಕೆಟ್ಟ ಅಕ್ಷರದವರಿಗೆ ಈ ಜಗತ್ತಿನಲ್ಲಿ ಮರ್ಯಾದೆ ಕಡಿಮೆ. ವೈದ್ಯನಾದದ್ದರಿಂದ ನಾನು ಹೇಗೋ ಬಚಾವಾದೆ. ಬೇರೆ ಕೆಲಸದಲ್ಲಿದ್ದರೆ ಎಂದೋ ಮನೆಗೆ ಕಳಿಸುತ್ತಿದ್ದರು. ಆದರೂ ಪುತ್ತೂರಿನ ಹತ್ತಿರದ ಸವಣೂರಿನ ನನ್ನ ಕ್ಲಿನಿಕ್ಕಿನ ಚೀಟಿ ಹಿಡಿದು ಮೆಡಿಕಲ್ ಶಾಪಿನವರು ದಿನವೂ ಫೋನ್ ಮಾಡಿ, "ಇದೆಂತ ಡಾಕ್ಟ್ರೇ, ಮಾತ್ರೆಯಾ, ಮುಲಾಮಾ?" ಎಂದು ಕೇಳತೊಡಗಿದ ಮೇಲೆ ಕಂಪ್ಯೂಟರ್ ಕೊಳ್ಳಲು ಪುತ್ತೂರಿಗೆ ಹೋದೆ. ಯಾವ ಪರದೆ, ಎಷ್ಟು ಮೆಮೊರಿ ಎಂದು ಅಂಗಡಿಯವರು ಕೇಳಿದಾಗ ನನ್ನ ಮುಖ ಇಂಜೆಕ್ಷನ್ ಕಂಡ ರೋಗಿಯ ಮುಖದಂತಾಯಿತು. ನನಗೆ ಗೊತ್ತಿದ್ದದ್ದು ಒಂದೇ, ಕರೆಂಟು ಹೋದರೂ ಅದು ನಡೆಯಬೇಕು. ಹಾಗಾಗಿ ದೊಡ್ಡದೊಂದು ಯುಪಿಎಸ್ ಬಂತು. ಜೊತೆಗೆ, ಹೇಳಿದ್ದನ್ನು ತಾನೇ ಬರೆದುಕೊಳ್ಳುವ ತಂತ್ರಾಂಶ, ಅದಕ್ಕೊಂದು ಮೈಕು. "ಸ್ವಲ್ಪ ಜೋರಾಗಿ ಬಿಡಿಸಿ ಹೇಳಿ, ಸಾಕು," ಎಂದರು ಅಂಗಡಿಯವರು.

ಜೋರಾಗಿಯೇ ಹೇಳಿದೆ. ಮೊದಲು ಸಿಕ್ಕಿದ್ದು ಕೆಮ್ಮಿನ ವೆಂಕಪ್ಪಣ್ಣ. "ರೋಗಿ ಬೀಡಿ ಪೂರ್ತಿ ಬಿಟ್ಟಿದ್ದಾರೆ," ಎಂದು ಮೈಕಿಗೆ ಹೇಳಿದ್ದೇ ತಡ, ಪ್ಲೈವುಡ್ ಮರೆಯ ಆಚೆಯ ಬೆಂಚಿನಿಂದ ಯಾರೋ, "ಬಿಟ್ಟದ್ದು ಎಲ್ಲಿ ಮಾರಾಯ್ರೆ? ಈಗ ಬಸ್‌ಸ್ಟ್ಯಾಂಡಿನಲ್ಲಿ ಎಳೀತಾ ಇದ್ರಲ್ಲ!" ಎಂದರು. ಪರದೆ ನೋಡಿ ದಂಗಾದೆ. ಯಂತ್ರ ಅದನ್ನೂ ತಪ್ಪಿಲ್ಲದೆ ಬರೆದುಕೊಂಡಿತ್ತು! ಬೆಂಚಿಗೆ ಬೆಂಚೇ ನಕ್ಕಿತು, ನಾನೂ ನಕ್ಕೆ.

ಮುಂದಿನವರು ಲಲಿತಕ್ಕ. ಕಾಲುನೋವು ಹೇಳಲು ಶುರುಮಾಡಿ ಅಳಿಯನ ತಂಗಿಯ ಮದುವೆಯವರೆಗೆ ಹೋಗುವವರು. ಆ ದಿನ ಮೈಕನ್ನೇ ನೋಡುತ್ತಾ, "ಶೀತ," ಎಂದರು. ಅಷ್ಟೇ. ಮೂಗು ಸೋರುತ್ತಿರಲಿಲ್ಲ, ಗಂಟಲು ಸರಿ ಇತ್ತು, ಕೈ ಮಾತ್ರ ಸೆರಗನ್ನು ಬಿಡುತ್ತಿರಲಿಲ್ಲ. "ಬೇರೆಂತ ಉಂಟು?" ಎಂದೆ. "ಎಂತ ಇಲ್ಲ," ಎಂದು ಎದ್ದೇ ಬಿಟ್ಟರು. ಮೈಕಿಗೆ ಹೆದರಿದ್ದಾರೆಂದು ಹೊಳೆಯಿತು. ಮೈಕಿನ ವಯರು ಕಿತ್ತು, ಪೆನ್ನು ತೆಗೆದು, ಕೂತುಕೊಳ್ಳಿ ಎಂದೆ. ಅವರು ಪೆನ್ನನ್ನು ನೋಡಿದರು.

"ನಿಮ್ಮ ಅಕ್ಷರ ಯಾರಿಗೂ ಓದ್ಲಿಕ್ಕೆ ಆಗುದಿಲ್ಲ ಅಲ್ವಾ ಡಾಕ್ಟ್ರೇ?"

"ದೇವರಾಣೆ ಆಗುದಿಲ್ಲ."

"ಹಾಗಾದ್ರೆ ಬರ್ಕೊಳ್ಳಿ," ಎಂದರು ಪಿಸುದನಿಯಲ್ಲಿ. "ಎದೆಯಲ್ಲಿ ಒಂದು ಗಂಟು ಉಂಟು. ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ."

ಒಂದು ಮೈಕಿನ ದೆಸೆಯಿಂದ ಆ ಗಂಟಿಗೆ ಶೀತದ ಮಾತ್ರೆ ಕೊಟ್ಟು ಕಳಿಸುತ್ತಿದ್ದೆನಲ್ಲ ಎಂದು ಈಗಲೂ ಮೈ ಜುಂ ಎನ್ನುತ್ತದೆ. ಚೀಟಿ ಕೊಟ್ಟು ಅಂದೇ ಪುತ್ತೂರಿನ ತಜ್ಞೆಯ ಬಳಿಗೆ ಕಳಿಸಿದೆ. ಸಂಜೆ ಆ ತಜ್ಞೆಯ ಫೋನು: "ಬೇಗ ಕಳಿಸಿದ್ದು ಒಳ್ಳೇದಾಯ್ತು, ಗುಣ ಆಗ್ತದೆ. ಆದ್ರೆ ಚೀಟಿಯಲ್ಲಿ ಎಂತ ಬರ್ದದ್ದು ಮಾರಾಯ್ರೆ? ಬಾಯಲ್ಲೇ ಹೇಳಿ." ಬೆಂಚಿನ ಕಡೆ ನೋಡಿದೆ. ಎಲ್ಲರ ಕಿವಿಯೂ ಇತ್ತಲೇ. ಫೋನು ಹಿಡಿದು ರಸ್ತೆ ದಾಟಿ, ಮರದ ಮರೆಯಲ್ಲಿ ನಿಂತು ಪಿಸುಗುಟ್ಟಿದೆ.

ಮರುದಿನ ವೆಂಕಪ್ಪಣ್ಣ ಬಂದು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. "ಡಾಕ್ಟ್ರೇ, ನಿನ್ನೆ ಮರದ ಮರೆಯಲ್ಲಿ ನಿಂತು ಫೋನಲ್ಲಿ ಪಿಸುಗುಟ್ಟಿದ್ರಂತೆ, ನಿಮಗೆ ಎಂತದೋ ದೊಡ್ಡ ಕಾಯಿಲೆಯಂತೆ. ಊರವರೆಲ್ಲ ಕೇಳ್ತಾ ಇದ್ದಾರೆ. ನನ್ನ ಹತ್ರ ಆದ್ರೂ ಹೇಳಿ, ಎಂತದು?"

ಬೆಂಚು ಉಸಿರು ಬಿಗಿಹಿಡಿದಿತ್ತು.

"ಶೀತ," ಎಂದೆ.