ತಿಪ್ಪೇರುದ್ರಪ್ಪನ ಮಗ್ಗುಲು ಯಂತ್ರ

"ಇನ್ಮೇಲೆ ಅಕ್ಕನ್ನ ಯಾರೂ ಮುಟ್ಟೋದೇ ಬೇಡ!" ಎಂದು ತಿಪ್ಪೇರುದ್ರಪ್ಪ ಚಾವಣಿಯತ್ತ ಕೈ ತೋರಿಸಿದ. ಅಲ್ಲಿ ಮೆತ್ತೆ ಸುತ್ತಿದ ಎರಡು ಉದ್ದನೆಯ ಯಂತ್ರದ ತೋಳುಗಳು ನೇತಾಡುತ್ತಿದ್ದವು.

ಹೊಳಲ್ಕೆರೆಯಲ್ಲಿ ಅವನಷ್ಟು ಚೆನ್ನಾಗಿ ಮೋಟಾರು ರಿಪೇರಿ ಮಾಡುವವರಿರಲಿಲ್ಲ. ಆದರೆ ಹೋದ ತಿಂಗಳು, ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದ ಅಕ್ಕ ಹಾಲಮ್ಮನನ್ನು ಏಕಾಏಕಿ ಎಳೆದು ಕೂರಿಸಲು ಹೋಗಿ ನೆಲಕ್ಕೆ ಬೀಳಿಸಿಬಿಟ್ಟಿದ್ದ. ಎತ್ತಿ ಆಡಿಸಿ ಸಾಕಿದ ಅಕ್ಕ! ಅಂದಿನಿಂದ ನಾಚಿಕೆಗೆ ಅವಳ ಮಂಚದ ಹತ್ತಿರವೂ ಸುಳಿಯದೆ ಇದನ್ನು ಕಟ್ಟಿದ್ದ.

ಅರ್ಧ ನಿಮಿಷ ಅಲ್ಲಾಡದವರೆಲ್ಲ ಯಂತ್ರದ ಕಣ್ಣಿಗೆ ರೋಗಿಗಳು. ಅವರನ್ನು ಎತ್ತಿ, ಬೆನ್ನು ಹುಣ್ಣಾಗದಂತೆ ಪಕ್ಕದ ಖಾಲಿ ಮಂಚದಲ್ಲಿ ಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬಿಡುವುದು ಅದರ ಕೆಲಸ.

ಸ್ವಿಚ್ಚು ಒತ್ತಿದ. ಹಾಲಮ್ಮನ ಮೂಗಿನ ಮೇಲೆ ನೊಣ ಕೂತಿತು. ಅವಳು ಬಲಗೈ ಬೀಸಿದಳು. ತೋಳುಗಳು ಅವಳನ್ನು ಬಿಟ್ಟು, ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಪಕ್ಕದ ಮನೆಯ ಕರಿಬಸಪ್ಪ ಮೇಷ್ಟ್ರನ್ನು ಎತ್ತಿಕೊಂಡವು!

"ಏಯ್, ನಾನು ರೋಗಿ ಅಲ್ಲಯ್ಯಾ!"

ಬಾಯಿ ತೆರೆದು ನಿಂತಿದ್ದ ತಿಪ್ಪೇರುದ್ರಪ್ಪನ ಹೆಂಡತಿ ಅನಸೂಯಳದು ಮುಂದಿನ ಸರದಿ.

"ರೀ! ಮೇಷ್ಟ್ರ ಪಕ್ಕ ಮಲಗಿಸ್ತಲ್ರೀ! ಮಾನ ಹೋಯ್ತು!"

ಮೇಷ್ಟ್ರು ಪಂಚೆ ಹಿಡಿದು ಆಚೆ ಕಡೆಯಿಂದ ಮಂಚ ಇಳಿದರು.

"ಅಲ್ಲಾಡ್ತಾ ಇರಿ, ಎಲ್ರೂ ಅಲ್ಲಾಡ್ತಾ ಇರಿ!" ಎಂದು ತಿಪ್ಪೇರುದ್ರಪ್ಪ ಕೂಗಿದ. ದಿನಾ ಬರುವ ನರ್ಸ್ ಗ್ಲಾಡಿಸ್ ನಿಂತಲ್ಲೇ ಕುಣಿಯತೊಡಗಿದಳು. ಹಾಲಮ್ಮ ನಗುತ್ತ ಮೈಯೆಲ್ಲ ಕುಲುಕಿಸುತ್ತಿದ್ದಳು, ಯಂತ್ರ ಅವಳ ತಂಟೆಗೇ ಹೋಗಲಿಲ್ಲ.

ಕಿಟಕಿಯಲ್ಲಿ ಅರ್ಧ ಬೀದಿ ಇಣುಕುತ್ತಿತ್ತು. ತಿಪ್ಪೇರುದ್ರಪ್ಪನ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಕಲ್ಲಿನಂತೆ ನಿಂತುಬಿಟ್ಟ.

ಅಷ್ಟೇ ಸಾಕಾಯಿತು! ತೋಳುಗಳು ಬಿಟ್ಟೊಡನೆ ಅನಸೂಯ ಮಂಚದಿಂದ ಹಾರಿದಳು; ಅವು ಅವನನ್ನು ಎತ್ತಿ ಅದೇ ಮಂಚಕ್ಕೆ ಹಾಕಿದವು. ಎಡಕ್ಕೆ ಹೊರಳಿಸಿದವು. ಉಸಿರು ತಗೊಳ್ಳುವಷ್ಟರಲ್ಲಿ ಬಲಕ್ಕೆ!

"ಒಂದು ಮಾತು ಹೇಳದೇ ತಿರುಗಿಸುತ್ತಲ್ಲಾ! ಜೀವ ಬಾಯಿಗೆ ಬರ್ತದೆ!" ಎಂದು ಕಿರುಚಿ, ಅಕ್ಕನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಅವಳ ನಗು ನಿಂತಿತ್ತು. "ಹೌದು ತಮ್ಮಾ. ನಂಗೂ ಅವತ್ತು ಹಾಗೇ ಆಗಿತ್ತು."

ಯಂತ್ರ ಅವನಿಗೆ ಗದ್ದದವರೆಗೆ ಕಂಬಳಿ ಹೊದಿಸಿ, ಬೆನ್ನು ತಟ್ಟಿ ಮಲಗಿಸಲು ಶುರುಮಾಡಿತು. ಗ್ಲಾಡಿಸ್ ಕುಣಿಯುತ್ತಲೇ ಹೋಗಿ ಪ್ಲಗ್ ಕಿತ್ತಳು.

ತಿಪ್ಪೇರುದ್ರಪ್ಪ ಎದ್ದು ಅಕ್ಕನ ಮಂಚದ ಬಳಿ ಬಂದ. ಮುಖ ಎತ್ತಲಾಗಲಿಲ್ಲ.

"ಅಕ್ಕಾ... ನಾನೇ ತಿರುಗಿಸ್ಲಾ?"

"ಒಂದು ಕೈ ಭುಜಕ್ಕೆ, ಒಂದು ಸೊಂಟಕ್ಕೆ. ಎಳೀಬೇಡಿ ಸರ್," ಎಂದಳು ಗ್ಲಾಡಿಸ್.

"ತಿರುಗ್ಸು," ಎಂದಳು ಹಾಲಮ್ಮ. "ಮೊದ್ಲು ಕೈ ತೊಳ್ಕೊಂಡು ಬಾ. ಗ್ರೀಸು."