ಎ.ಸಿ.ಗೆ ಒದ್ದೆ ಗೋಣಿಚೀಲ

ಬಿಸಿಲಿಗೆ ಹೆದರುವ ವಂಶ ನಮ್ಮದಲ್ಲ. ಆದರೆ ಬಿಸಿಲನ್ನೇ ಹೆದರಿಸುತ್ತೇನೆಂದು ಎದ್ದು ನಿಂತವನು ಆ ವಂಶದಲ್ಲಿ ನಾನೊಬ್ಬನೇ. ನಮ್ಮ ಬೀದರದ ಕೊಳಾರದ ಕಾರ್ಖಾನೆಯೊಂದು ಕೆಲಸಗಾರರನ್ನು ಹೊತ್ತು ಹೊತ್ತು ಸುಸ್ತಾದ ಮಿನಿಬಸ್ಸನ್ನು ಮಾರಿದಾಗ ಕೊಂಡುಕೊಂಡೆ. ಸೀಟು ಕಿತ್ತೆ, ಮಂಚ ಹಾಕಿಸಿದೆ, ಗ್ಯಾಸ್ ಒಲೆ ಇಡಿಸಿದೆ. ನೆತ್ತಿಯ ಮೇಲೆ ಒಂದು ಎ.ಸಿ. ಕೂರಿಸಿ ಅದಕ್ಕೊಂದು ಜನರೇಟರ್ ಜೋಡಿಸಿದೆ. 'ಚಲಿಸುವ ಅರಮನೆ' ಎಂದು ಹೆಸರಿಟ್ಟೆ. ನನ್ನ ಹೆಂಡತಿ ಶಾಲುಬಾಯಿ 'ಡಬ್ಬಿ' ಎಂದಳು. ಚಿದ್ರಿಯ ನಮ್ಮ ಓಣಿಯಲ್ಲಿ ಅವಳಿಟ್ಟ ಹೆಸರೇ ಚಾಲ್ತಿಗೆ ಬಂತು.

ಅವಳ ಅಣ್ಣ ಧಮ್ಮಪಾಲ ಔರಾದಿನವನು. ಅವನ ಮಗಳು ಮಹಾಮಾಯಾಳ ಮದುವೆ ಭಾಲ್ಕಿಯಲ್ಲಿ ನಿಕ್ಕಿಯಾಯಿತು. ಮೇ ತಿಂಗಳು, ನಡುಮಧ್ಯಾಹ್ನ, ಬಯಲಿನಲ್ಲಿ ಪೆಂಡಾಲು, ಬೌದ್ಧ ಪದ್ಧತಿಯಂತೆ ಮದುಮಗಳಿಗೆ ಬಿಳಿ ಸೀರೆ. ಹುಡುಗಿ ಅತ್ತೆಗೆ ಫೋನ್ ಮಾಡಿ ಗೋಳಿಟ್ಟಳು.

"ಅತ್ತೀ, ಅಕ್ಕನ ಮದುವ್ಯಾಗ ಬೆವರಿಗಿ ಕಾಡಿಗಿ ಇಳಿದು ಬಿಳಿ ಸೀರಿ ಮ್ಯಾಲ ಬಿದ್ದಿತ್ತು. ಫೋಟೋ ನೋಡಿದವರು ಇವತ್ತಿಗೂ ನಗ್ತಾರ. ನನಗ ಹಂಗ ಆಗಬಾರ್ದು."

ನಾನು ಫೋನ್ ಕಸಿದುಕೊಂಡೆ. "ಮಾಯಾ, ನಿನ್ನ ಮೇಕಪ್ಪು ನಮ್ಮ ಗಾಡ್ಯಾಗ. ಒಂದು ಹನಿ ಬೆವರು ಬಂದ್ರ ನನ್ನ ಹೆಸರು ದತ್ತಾತ್ರಿ ಅಲ್ಲ."

"ಬ್ಯಾರೆ ಹೆಸರು ಈಗೇ ಹುಡುಕಿ ಇಟ್ಕೋರಿ," ಎಂದಳು ಶಾಲುಬಾಯಿ.

ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಎ.ಸಿ. ಶಾಸ್ತ್ರದಲ್ಲಿ ಪಾರಂಗತನಾದೆ. ಅದರ ಜಾಲರಿ ತೊಳೆದೆ. ಕಿಟಕಿಗಳಿಗೆಲ್ಲ ಬೆಳ್ಳಿಬಣ್ಣದ ಹಾಳೆ ಅಂಟಿಸಿದೆ. ಬಾಗಿಲಿನ ಸಂದಿಗೆ ರಬ್ಬರು ಬಡಿದೆ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಬೇಕೆಂದೂ ವಿಡಿಯೋದವರು ಹೇಳಿದ್ದರು. ಆದರೆ ಮದುವೆಯ ದಿನ ಭಾಲ್ಕಿಗೆ ಹೋಗಿ ನೋಡಿದರೆ, ಪೆಂಡಾಲಿನ ಹತ್ತಿರ ಇದ್ದ ಒಂದೇ ಬೇವಿನಮರದ ಕೆಳಗೆ ಅಡುಗೆಯವರು ಭಟ್ಟಿ ಹೂಡಿದ್ದರು. ಪಂಡಿತರಿಗೆ ನೆರಳಿನ ಹಂಗೇಕೆ ಎಂದು ಬಟ್ಟಬಯಲಿನಲ್ಲೇ ನಿಲ್ಲಿಸಿದೆ.

ಮಹಾಮಾಯಾ, ಶಾಲುಬಾಯಿ ಮತ್ತು ಬೀದರದ ಬ್ಯೂಟಿ ಪಾರ್ಲರಿನ ಬಿಸ್ಮಿಲ್ಲಾಬೀ ಒಳಗೆ ಸೇರಿದರು. ಎ.ಸಿ. ಹಾಕಿದೆ. ನಿಜಕ್ಕೂ ತಣ್ಣಗಾಯಿತು.

"ವಾಹ್ ಭಾಯಿಸಾಬ್, ಕಾಶ್ಮೀರ ಆಗ್ಯಾದ್ರಿ," ಎಂದಳು ಬಿಸ್ಮಿಲ್ಲಾಬೀ.

ಇಷ್ಟಕ್ಕೆ ನಾನು ಊಟದ ಸಾಲಿಗೆ ಹೋಗಿ ಕೂತಿದ್ದರೆ ಲೋಕಕಲ್ಯಾಣವಾಗುತ್ತಿತ್ತು. ಆದರೆ ಜ್ಞಾನಿಗಳಿಗೆ ಸುಮ್ಮನಿರಲು ಬರುವುದಿಲ್ಲ. ಏಣಿ ಹತ್ತಿ ಗಾಡಿಯ ಮೇಲಿನ ಎ.ಸಿ. ಪೆಟ್ಟಿಗೆ ಮುಟ್ಟಿದೆ. ರೊಟ್ಟಿ ಬೇಯಿಸಬಹುದಿತ್ತು, ಅಷ್ಟು ಕಾದಿತ್ತು. ಪಾಪ ಅನಿಸಿತು. ಬೇಸಿಗೆಯಲ್ಲಿ ನಾವು ಕುಡಿಯುವ ನೀರಿನ ಕೊಡಕ್ಕೆ ಒದ್ದೆ ಗೋಣಿಚೀಲ ಸುತ್ತುತ್ತೇವೆ, ಕೂಲರಿನ ಹುಲ್ಲಿಗೆ ನೀರು ಹೊಡೆಯುತ್ತೇವೆ. ಈ ಪಾರಂಪರಿಕ ವಿದ್ಯೆ ವಿಡಿಯೋದವರಿಗೆ ಎಲ್ಲಿಂದ ಬರಬೇಕು? ಅಡುಗೆಯವರಿಂದ ಗೋಣಿಚೀಲ ತಂದು, ಬಕೀಟಿನಲ್ಲಿ ಅದ್ದಿ, ಎ.ಸಿ. ಪೆಟ್ಟಿಗೆಗೆ ಸುತ್ತಲೂ ಹೊದಿಸಿ ಹಗ್ಗದಿಂದ ಬಿಗಿದೆ. ಕೂಸಿಗೆ ಕುಲಾವಿ ಕಟ್ಟಿದಷ್ಟು ಅಕ್ಕರೆಯಿಂದ ಕಟ್ಟಿದೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಶಾಲುಬಾಯಿಯ ದನಿ ಬಂತು. "ಏನ್ರೀ, ಯಾಕೋ ಕುದಿ ಹತ್ಯಾದ."

"ಈಗಷ್ಟೇ ಒದ್ದಿ ಚೀಲ ಕಟ್ಟೀನಿ. ಜರಾ ತಡಿ."

"ಬಾಗಿಲಾ ತೆಗೀತೇವಿ."

"ತೆಗೀಬ್ಯಾಡ್ರಿ. ತಂಪೆಲ್ಲಾ ಹೊರಗ ಹೋಗ್ತದ."

"ಒಳಗ ಇದ್ರಲ್ಲೇನ್ರೀ ಹೊರಗ ಹೋಗ್ಲಿಕ್ಕ?"

ಹೆಂಗಸರಿಗೆ ವಿಜ್ಞಾನ ತಿಳಿಹೇಳುವ ಸಮಯ ಅದಾಗಿರಲಿಲ್ಲ. ಇಳಿದು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಷ್ಟರಲ್ಲಿ ಮೇಲಿನ ಎ.ಸಿ. ಒಮ್ಮೆ ದೀರ್ಘವಾಗಿ ನರಳಿ ಸ್ತಬ್ಧವಾಯಿತು. ನನಗೆ ಆನಂದವಾಯಿತು. ತಂಪು ಸಾಕಾದ ಕೂಡಲೇ ಎ.ಸಿ. ತಾನಾಗಿಯೇ ನಿಲ್ಲುತ್ತದೆಂದು ವಿಡಿಯೋದಲ್ಲಿ ಕೇಳಿದ್ದೆನಲ್ಲ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಜೋರಾಯಿತು. ನಾನು ಬೆನ್ನನ್ನು ಇನ್ನಷ್ಟು ಗಟ್ಟಿ ಮಾಡಿದೆ.

ಗಂಡಿನ ಕಡೆಯ ಹಿರಿಯರೊಬ್ಬರು ನಿಂತು ಕೇಳಿದರು. "ಯಾಕ್ರಿ ಸಾಹೇಬ್ರ, ಬಿಸಿಲಾಗ ನಿಂತೀರಿ?"

"ಒಳಗ ಕಾಶ್ಮೀರ ಅದರಿ. ಸೋರಬಾರ್ದಂತ ಕಾಯಲಿಕತ್ತೀನಿ."

ಮಾತು ಮುಗಿಯುವ ಮೊದಲೇ ಕಾಶ್ಮೀರದಿಂದ ಮೂವರು ಹೆಂಗಸರು ಒಟ್ಟಿಗೆ ಬಾಗಿಲು ನೂಕಿದರು. ನಾನು ಆ ಹಿರಿಯರ ಪಾದಕ್ಕೇ ಬಿದ್ದೆ. ಅವರು ಸಂಕೋಚದಿಂದ "ಇರಲಿ ಬಿಡ್ರಿ" ಎಂದು ಆಶೀರ್ವಾದ ಮಾಡಿ ಹೊರಟುಹೋದರು.

ಎದ್ದು ನೋಡಿದೆ. ಶಾಲುಬಾಯಿಯ ಮುಖ ಕೆಂಡದಂತಿತ್ತು. ಬಿಸ್ಮಿಲ್ಲಾಬೀ ಮೇಕಪ್ಪಿನ ಡಬ್ಬದಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದಳು. ಮಹಾಮಾಯಾಳ ಕಾಡಿಗೆ ಗದ್ದದವರೆಗೆ ಇಳಿದಿತ್ತು, ಬಿಳಿ ಸೀರೆಯ ಸೆರಗಿನ ಮೇಲೆ ಎರಡು ಕಪ್ಪು ಹನಿ ಬಿದ್ದಿದ್ದವು. ಆಗ ಮಾತ್ರ ನನಗೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ.

ಶಾಲುಬಾಯಿ ಗಾಡಿಯ ನೆತ್ತಿ ನೋಡಿದಳು. "ಅದು ಬಿಸಿ ಉಸುರು ಬಿಡೋದೇ ಅಲ್ಲಿಂದ್ರಿ. ಮೂಗು ಬಾಯಿ ಎರಡೂ ಕಟ್ಟೀರಿ. ಹ್ಯಾಂಗ ಬದುಕಬೇಕದು?"

ಬಿಸ್ಮಿಲ್ಲಾಬೀ ನನ್ನ ಬಕೀಟಿನಲ್ಲಿ ಉಳಿದ ನೀರಿನಿಂದ ಹುಡುಗಿಯ ಮುಖ ತೊಳೆದಳು. ಕಲೆ ಒಳಗೆ ಹೋಗುವಂತೆ ಸೆರಗು ಮಡಚಿ ಪಿನ್ನು ಚುಚ್ಚಿದಳು. "ಹೀಂಗೇ ಛಲೋ ಕಾಣ್ತಿ ಬೇಟಾ, ಮೇಕಪ್ ಬ್ಯಾಡ," ಎಂದಳು. ಸುಳ್ಳಲ್ಲ, ಚೆನ್ನಾಗಿಯೇ ಕಾಣುತ್ತಿದ್ದಳು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಧಮ್ಮಪಾಲ ಓಡಿ ಬಂದ. "ಮಾಯಾ, ಹೊರಗ ಯಾಕ ನಿಂತೀದಿ? ರಣರಣ ಬಿಸಿಲದ. ಕರೆಯೋತನಕ ಒಳಗ ಎ.ಸಿ.ಯಾಗ ಕೂಡು."

ಮಹಾಮಾಯಾ ಭಾಲ್ಕಿಯ ಬಿಸಿಗಾಳಿಗೆ ಹಸಿ ಮುಖವೊಡ್ಡಿ ಕಣ್ಣು ಮುಚ್ಚಿಕೊಂಡಿದ್ದಳು. "ಬ್ಯಾಡಪ್ಪಾ," ಎಂದಳು. "ಇಲ್ಲೇ ತಂಪ ಅದ."

ಧಮ್ಮಪಾಲ ಮಗಳನ್ನು ನೋಡಿದ, ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. ನಾನು ಟೈರಿನ ಗಾಳಿ ಪರೀಕ್ಷಿಸತೊಡಗಿದೆ. ಶಾಲುಬಾಯಿ ಅಣ್ಣನಿಗೆ ಸಮಾಧಾನ ಹೇಳಿದಳು.

"ಅಣ್ಣಾ, ಪೆಂಡಾಲಿಗಿ ಕೂಲರ್ ಏನೂ ತರಿಸಬ್ಯಾಡ. ಬಂದ ಮಂದಿಗೆಲ್ಲಾ ಒಂದೊಂದ್ಸರ್ತಿ ಇವರ ಗಾಡ್ಯಾಗ ಕೂಡಿಸಿ ಹೊರಗ ಬಿಡು. ಇಡೀ ಭಾಲ್ಕಿ ತಂಪ ಅನಸ್ತದ."