ಕಾಗದದ ಕಂಪ್ಯೂಟರ್ ಮಾತಾಡಂಗಿಲ್ಲ

ಮಂದಿ ಮುಂದ ಏನರ ಇಟ್ಟು "ಹೆಂಗೈತಿ, ಮನಸ್ ಬಿಚ್ಚಿ ಹೇಳ್ರಿ" ಅಂತ ಕೇಳೂ ಕೆಲಸ ಹಿಡಿದವರಿಗೆ ನಗೂದಕ್ಕ ಯಾವತ್ತೂ ಬರ ಇಲ್ಲ. ನಾ ಈ ಕೆಲಸಕ್ಕ ಬಿದ್ದದ್ದು ಇಂಜಿನಿಯರಿಂಗ್ ಕಡೀ ವರ್ಷದಾಗ. ಎರಡು ಸಾವಿರದ ಇಸವಿ ಆಗ ತಾನ ದಾಟಿತ್ತು. ನಾ ಗೋಕಾಕದಾಕಿ, ಜೋಡಿ ಇದ್ದ ಗೆಳತಿ ಮೂಡಲಗಿಯಾಕಿ, ನಮ್ಮ ಪ್ರಾಜೆಕ್ಟಿಗೆ ಗೈಡ್ ಆಗಿದ್ದ ಸರ್ ಹುಕ್ಕೇರಿಯವರು. ಹಿಂಗಾಗಿ ನಮ್ಮ ಮಾನ ಮೂರೂ ಊರಾಗ ಸಮಾ ಹಂಚಿ ಹೋತು.

ಪ್ರಾಜೆಕ್ಟ್ ಏನಂದ್ರ, ಚಿತ್ರ ತಗಿಯೋರು ತಮ್ಮ ಚಿತ್ರ ಕಂಪ್ಯೂಟರಿನ್ಯಾಗ ಹಾಕೂದು, ನೋಡಿದವರು ಬಟನ್ ಒತ್ತಿ ಅಭಿಪ್ರಾಯ ತಿಳಸೂದು. ನಾವು ಹುರುಪಿಲೆ ಕೋಡ್ ಬರಿಯಾಕ ಕುಂತ್ರ ಸರ್ ತಡದ್ರು.

"ಮೊದಲ ಎಲ್ಲಾ ಕಾಗದದ ಮ್ಯಾಲ ಮಾಡ್ರಿ. ಕಂಪ್ಯೂಟರ್ ಪರದಿ ಮ್ಯಾಲ ಏನೇನು ಬರತೈತಿ, ಅದನ್ನ ಒಂದೊಂದು ಡ್ರಾಯಿಂಗ್ ಹಾಳಿ ಮ್ಯಾಲ ಬರೀರಿ. ಮಂದಿ ಬೆರಳಲೆ ಒತ್ತಲಿ. ನಿಮ್ಮಾಗ ಒಬ್ಬಾಕಿ ಕಂಪ್ಯೂಟರ್ ಆಗಿ ಕುಂತು ಹಾಳಿ ಬದಲಸ್ರಿ, ಇನ್ನೊಬ್ಬಾಕಿ ನೋಡಿದ್ದು ಬರಕೊಳ್ರಿ. ಮಂದಿಗೆ ಎಲ್ಲಿ ತೊಡಕಾಗತೈತಿ ಅಂತ ಇಲ್ಲೇ ತಿಳೀತೈತಿ. ಆದ್ರ ಒಂದು, ಕಂಪ್ಯೂಟರ್ ಆದಾಕಿ ಬಾಯಿ ತಗಿಯಂಗಿಲ್ಲ. ಕಂಪ್ಯೂಟರ್ ಎಲ್ಲೆರ ಮಾತಾಡತೈತೇನು?"

"ಇಲ್ರಿ ಸರ್," ಅಂದ್ವಿ.

ಕರದಂಟಿನ ಅಂಗಡಿಯಿಂದ ದೊಡ್ಡದೊಂದು ರಟ್ಟಿನ ಡಬ್ಬಿ ತಂದು, ಮುಂದ ಚೌಕ ಕೊರದು, ಟಿವಿ ಹಂಗ ಮಾಡಿದ್ವಿ. ಒಳಗ ಕಾಲೇಜಿನ ಹುಡುಗರು ತಗದ ಒಂದೊಂದ ಚಿತ್ರ, ಕೆಳಗ ಅಭಿಪ್ರಾಯಕ್ಕ ಮೂರು ಬಟನ್: ಇಷ್ಟವಾಯಿತು, ಸುಮಾರು, ಇಷ್ಟವಾಗಲಿಲ್ಲ. ಬಾಜೂಕ "ಮುಂದಿನ ಚಿತ್ರ" ಅನ್ನೂದೊಂದು. ಡಬ್ಬಿ ಮ್ಯಾಲ "ಶುದ್ಧ ತುಪ್ಪದ್ದು" ಅಂತ ಅಚ್ಚಾಗಿದ್ದು ಮಾತ್ರ ಏನ್ ಮಾಡಿದ್ರೂ ಹೋಗ್ಲಿಲ್ಲ.

೧. ಕಂಪ್ಯೂಟರಿಗೆ ದೃಷ್ಟಿ

ಮೊದಲನೇ ಪರೀಕ್ಷೆ ಗೋಕಾಕದಾಗ, ನಮ್ಮ ಮನ್ಯಾಗ. ಕಂಪ್ಯೂಟರ್ ನಾನ. ಬಾಜೂ ಮನಿ ಕಾಕು ಬಂದು ಡಬ್ಬಿ ಮುಂದ ಕುಂತಳು. ಗೆಳತಿ ಆಕಿಗೆ ಎಲ್ಲಾ ತಿಳಿಸಿ ಹೇಳಿದ್ಲು. ಕಾಕು ಗೋಣ ಹಾಕಿ, ಬಟನ್ ಬಿಟ್ಟು ನನ್ನ ಮಾರಿ ನೋಡಿ ಕೇಳಿದ್ಲು, "ಊಟಾತೇನವಾ?"

ನಾ ಸುಮ್ಮನ ಕುಂತ್ನಿ.

"ಯಾಕ, ನನ್ನ ಮ್ಯಾಲ ಸಿಟ್ಟೇನು? ಮೊನ್ನೆ ನಿಮ್ಮವ್ವಗ ಜ್ವಾಳದ ಹಿಟ್ಟು ಕೊಡಲಿಲ್ಲಂತ?"

ನಾ ಗ್ವಾಡಿ ನೋಡಿದ್ನಿ. ಗೆಳತಿ, "ಕಾಕು, ಆಕಿ ಈಗ ಕಂಪ್ಯೂಟರ್ ಅದಾಳ್ರಿ, ಮಾತಾಡಂಗಿಲ್ಲ," ಅಂದ್ಲು. ಅಷ್ಟ ಸಾಕಾತು. ಕಾಕು ಗಾಬರಿ ಆಗಿ ನನ್ನ ಹಣಿ ಮುಟ್ಟಿ ನೋಡಿ, ಒಳಗ ಅವ್ವನ ಕಡೆ ಓಡಿದ್ಲು. "ವೈನಿ, ಬಡಾನ ಬರ್ರಿ! ಹುಡುಗಿಗೆ ದೃಷ್ಟಿ ಆಗೇತಿ. ತಾನು ಕಂಪ್ಯೂಟರ್ ಅಂತ ಕುಂತಾಳ!"

ಅವ್ವ ಅನ್ನಾಕಿ ಹಿಂದ ಮುಂದ ವಿಚಾರ ಮಾಡಬಾರದೇನು? ಉಪ್ಪು, ಒಣಾ ಮೆಣಸಿನಕಾಯಿ ಮುಷ್ಟ್ಯಾಗ ಹಿಡಕೊಂಡು ಬಂದು, ನನಗ ಇಳೇ ತಗದು, ನೀರೊಲಿಗೆ ಹಾಕಿದ್ಲು. ಘಾಟಂದ್ರ ಘಾಟು! ಮನಿ ತುಂಬ ಎಲ್ಲಾರೂ ಕೆಮ್ಮಾಕ ಹತ್ತಿದ್ರು. ನಾನೂ ಕೆಮ್ಮಿದ್ನಿ, ಆದ್ರ ಮಾತಾಡ್ಲಿಲ್ಲ. ಸರ್ ಮಾತು ಅಂದ್ರ ಮಾತು. ಕಾಕು ಕಣ್ಣು ಒರಸಕೋತ, "ದೃಷ್ಟಿ ಆಗಿದ್ರ ಘಾಟ ಬರೂದಿಲ್ಲ. ಇಷ್ಟ ಘಾಟು ಬಂತಂದ್ರ ಇದು ದೃಷ್ಟಿ ಅಲ್ಲ ವೈನಿ, ಬ್ಯಾರೆ ಏನೋ ಐತಿ," ಅಂದ್ಲು.

ಗೆಳತಿ ಪ್ರಾಮಾಣಿಕ ಹುಡುಗಿ, ನೋಡಿದ್ದನ್ನ ಹಂಗ ಬರದಳು. ವರದ್ಯಾಗ ಸರ್ ಓದಿದ್ದು ಇಷ್ಟು: "ಬಳಕೆದಾರರು ಯಂತ್ರಕ್ಕೆ ದೃಷ್ಟಿ ತೆಗೆದರು. ಯಂತ್ರ ಕೆಮ್ಮಿತು. ಚಿತ್ರಗಳ ಬಗ್ಗೆ ಅಭಿಪ್ರಾಯ ಬರಲಿಲ್ಲ."

೨. ಯಾರ ಪೈಕಿ?

ಮೂಡಲಗ್ಯಾಗ ಗೆಳತಿಯ ಕಾಕಾಂದು ಸೀರಿ, ಅರಬಿ ಅಂಗಡಿ. ಊರಾಗ ನಾಕು ಮಂದಿಗೆ ಬೇಕಾದ ಮನಷ್ಯಾ. ಗಾದಿ ಮ್ಯಾಲ ಡಬ್ಬಿ ಇಟ್ಟು, ಗೆಳತಿ ಕಂಪ್ಯೂಟರ್ ಆಗಿ ಕುಂತು, ಎಮ್ಮಿ ಚಿತ್ರ ತೋರಿಸಿದ್ಲು. ಎಮ್ಮಿಗೆ ಕಾಲು ಐದಿದ್ದಂಗ ಕಾಣತಿತ್ತು. ಬಾಲನ ಕಾಲಾಗಿತ್ತೋ, ಕಾಲ ಬಾಲಾಗಿತ್ತೋ.

ಕಾಕಾ ಚಷ್ಮಾ ಏರಿಸಿ ನನ್ನ ಕೇಳಿದ್ರು, "ಇದು ಯಾರು ತಗದದ್ದು?"

"ಅದನ್ನ ಹೇಳಂಗಿಲ್ರಿ ಕಾಕಾ. ಹೆಸರು ಗೊತ್ತಾದ್ರ ಖರೆ ಅಭಿಪ್ರಾಯ ಬರೂದಿಲ್ಲಂತ."

"ಹೆಸರು ಬ್ಯಾಡ ಬಿಡು. ಊರರ ಹೇಳು."

"ಊರೂ ಹೇಳಂಗಿಲ್ರಿ."

"ಯಾರ ಪೈಕಿ ಅಂತರ ಹೇಳವಾ! ಏನೂ ಗೊತ್ತಿಲ್ದ ಚಲೋ ಇಲ್ಲಂತ ಹೆಂಗ ಒತ್ತಲಿ? ನಾಳೆ ಅದ ಮನಿಯವರು ಮದವಿ ಜವಳಿಗೆ ಬಂದು, 'ನಮ್ಮ ಹುಡುಗನ ಎಮ್ಮಿ ಚಲೋ ಇಲ್ಲಂತ ಹೆಸರ ಇಟ್ಟವರು ನೀವ ಹೌದಲ್ಲೋ' ಅಂದ್ರ?"

ಅಂತ ಹೇಳಿ, ಎಮ್ಮಿಗೆ "ಇಷ್ಟವಾಯಿತು" ಒತ್ತಿದ್ರು. ನೀರು ಧುಮಕೂ ಧಬಧಬಿ ಚಿತ್ರಕ್ಕೂ ಇಷ್ಟವಾಯಿತು. ಹಣ್ಣಿನ ತಾಟಿಗೂ ಇಷ್ಟವಾಯಿತು. ಗಿರಾಕಿ ಬಂದ್ರು, ಅವರೂ ಕಾಕಾರ ಮಾರಿ ನೋಡಿ ಅದನ್ನ ಒತ್ತಿದ್ರು. ಕಡೀಕ ಗೆಳತಿ ಗಡಬಡ್ಯಾಗ ಚಿತ್ರ ಇಲ್ಲದ ಖಾಲಿ ಹಾಳಿ ಎತ್ತಿ ಹಿಡದಳು. ಕಾಕಾ ಅದನ್ನ ಆ ಕಡೆ ಈ ಕಡೆ ಗೋಣ ಹೊಳ್ಳಿಸಿ ನೋಡಿ, ಅದಕ್ಕೂ "ಇಷ್ಟವಾಯಿತು" ಒತ್ತಿದ್ರು.

"ಕಾಕಾ, ಅದು ಖಾಲಿ ಐತ್ರಿ!" ಅಂದ್ನಿ.

"ಇರ್ಲಿ. ಅವರೂ ಯಾರದರ ಮಗಾ ಇರ್ತಾರ. ಸ್ವಚ್ಛ ಇಟ್ಟಾರಲ್ಲ!" ಅಂದ್ರು.

ಇದನ್ನ ಕೇಳಿ ಸರ್ ನಗಲಿಲ್ಲ. "ಎಲ್ಲಾರೂ ಎಲ್ಲಾದಕ್ಕೂ ಚಲೋ ಅಂದ್ರ ನಿಮ್ಮ ಸಾಫ್ಟ್‌ವೇರ್ ಯಾಕ ಬೇಕು? ಒಬ್ಬರರ ಒಂದರ ಚಿತ್ರಕ್ಕ ಇಷ್ಟವಾಗಲಿಲ್ಲ ಅಂತ ಒತ್ತಿ, ಯಾಕಂತ ಹೇಳಬೇಕು. ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ, ವಿಷಯ ಬದಲಿಸ್ರಿ," ಅಂದ್ರು. ಪರೀಕ್ಷೆ ತಲಿ ಮ್ಯಾಲ ಬಂದಾಗ ವಿಷಯ ಬದಲಿಸೂದಂದ್ರ ವರ್ಷ ಹೋದಂಗ. ಗೆಳತಿ ಅಳಾಕ ಹತ್ತಿದ್ಲು. ಅದನ್ನ ನೋಡಿ ಸರ್ ಸ್ವಲ್ಪ ಮೆತ್ತಗಾಗಿ, "ರವಿವಾರ ಹುಕ್ಕೇರಿಗೆ ಬರ್ರಿ. ನಮ್ಮ ಮನ್ಯಾಗ ಕಡೀದೊಂದು ಸಲ ನೋಡೂಣು," ಅಂದ್ರು.

೩. ಗಿಣಿ ಎಲ್ಲೈತಿ?

ರವಿವಾರ ಹತ್ತರಗಿ ಕ್ರಾಸಿನ್ಯಾಗ ಹುಕ್ಕೇರಿ ಬಸ್ ಕಾಯಕೋತ ಕುಂತಿದ್ವಿ. ಸುಮ್ಮನ ಕುಂದ್ರೂದ್ಯಾಕ, ಇಲ್ಲೆ ಯಾರರ ಸಿಕ್ಕಾರು ಅಂತ ಕಟ್ಟಿ ಮ್ಯಾಲ ಡಬ್ಬಿ ಇಟ್ವಿ. ಗೆಳತಿ ಹಾಳಿ ಹಿಡಕೊಂಡು ಕುಂತದ್ದ ತಡ, ಮಂದಿ ನೆರೀತು. ಪಟಗಾ ಸುತ್ತಿದ ಹಿರಿಯಾರೊಬ್ಬರು ಡಬ್ಬಿ ಹಿಂದ ಮುಂದ ನೋಡಿ ಕೇಳಿದ್ರು, "ತಂಗಿ, ಗಿಣಿ ಎಲ್ಲೈತಿ?"

"ಗಿಣಿ ಇಲ್ರಿ ಅಜ್ಜಾರ. ಇದು ಕಂಪ್ಯೂಟರ್."

"ಹಾಂ, ಈಗ ಕಂಪ್ಯೂಟರ್ ಭವಿಷ್ಯನೂ ಬಂದೈತಿ. ಕೇಳೀನಿ ಕೇಳೀನಿ," ಅಂತ ಅವರು ಪದ್ಮಾಸನ ಹಾಕಿ ಕುಂತ ಬಿಟ್ರು. ನಾ ಗಂಟಲ ಹರಕೊಂಡು ತಿಳಿಸಿ ಹೇಳಿದ್ರೂ ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅಜ್ಜಾರು ಕಣ್ಣು ಮುಚ್ಚಿ, "ನಮ್ಮ ಸಣ್ಣ ಮಗಗ ಕನ್ಯಾ ಯಾವಾಗ ಸಿಗತೈತಿ?" ಅಂತ ಕೇಳಿ, ಬೆರಳು ಕಂಡಲ್ಲಿ ಒತ್ತಿದ್ರು. ಬೆರಳು ಬಿದ್ದದ್ದು "ಮುಂದಿನ ಚಿತ್ರ" ಅನ್ನೂ ಬಟನ್ ಮ್ಯಾಲ.

ಆವಾಗಿನ ಕಂಪ್ಯೂಟರ್ ಒಂದ ಚಿತ್ರ ತೋರಸಾಕ ಎಷ್ಟ ಹೊತ್ತು ತಗೋತಿದ್ದು ಎಲ್ಲಾರಿಗೂ ಗೊತ್ತೈತಿ. ಅದಕ್ಕಂತ ನಾವೊಂದು ಬ್ಯಾರೆ ಹಾಳಿ ಮಾಡಿದ್ವಿ. ಗೆಳತಿ ನೇಮ ತಪ್ಪದ ಅದನ್ನ ಎತ್ತಿದ್ಲು. ಬಾಜೂಕ ನಿಂತ ಕಂಡಕ್ಟರ್ ಜೋರಾಗಿ ಓದಿದ್ರು: "ದಯವಿಟ್ಟು ಸ್ವಲ್ಪ ಕಾಯಿರಿ."

ಅಜ್ಜಾರು ಎದ್ದು ಡಬ್ಬಿಗೆ ಕೈ ಮುಗದ್ರು. "ನೋಡ್ರಪಾ, ನಮ್ಮ ಜೋಯಿಸರೂ ಅಕ್ಷರಾ ಅಕ್ಷರಾ ಹಿಂಗ ಹೇಳ್ಯಾರ!"

೪. ಹುಕ್ಕೇರಿ ಮನಿ

ಸರ್ ಮನ್ಯಾಗ ಸರ್ ಅವರ ಹೆಂಡತಿ ಇದ್ರು. ನಾವು ಅವರಿಗೆ ಅಕ್ಕಾರು ಅಂತಿದ್ವಿ. ಅಕ್ಕಾರು ಅಡಗಿ ಮನ್ಯಾಗಿದ್ದಾಗ ಸರ್ ಒಂದು ಲಕೋಟಿ ತಂದು ನನ್ನ ಕೈಯಾಗ ಇಟ್ಟು, ಸಣ್ಣ ದನಿಯಿಂದ, "ಇದೊಂದು ಚಿತ್ರನೂ ಕೂಡಿಸ್ರಿ. ನನ್ನ ಗೆಳ್ಯಾನದು," ಅಂದ್ರು. ಒಂದು ಹೆಣ್ಮಗಳು ಖಿಡಕಿ ಬಾಜೂಕ ನಿಂತ ಚಿತ್ರ. ಸೀರಿ ಹಸರು. ಸರ್ ಅವರ ಉಗರ ಸಂದ್ಯಾಗೂ ಅದ ಹಸರು ಬಣ್ಣ. ನಾನು, ಗೆಳತಿ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಸರ್ ಚಿತ್ರ ತಗೀತಾರ ಅಂತ ನಮಗ ಅವತ್ತ ಗೊತ್ತಾದದ್ದು.

"ನೀವು ಕುಂತ್ರ ಹಲ್ಲ ಕಿಸೀತೀರಿ. ನಿಮ್ಮ ಮಾರಿ ನೋಡಿ ಮಂದಿ ಚಲೋ ಅಂತಾರ. ಕಂಪ್ಯೂಟರ್ ಆಗಿ ನಾನ ಕುಂದರ್ತೀನಿ, ನೋಡಿ ಕಲೀರಿ," ಅಂತ ಸರ್ ಡಬ್ಬಿ ಹಿಂದ ಕುಂತ್ರು. ಅಕ್ಕಾರು ಸೆರಗಿಗೆ ಕೈ ಒರಸಕೋತ ಬಂದು ಎದುರಿಗೆ ಕುಂತ್ರು.

"ನೋಡು, ಈಗ ನಾ ನಿನ್ನ ಗಂಡ ಅಲ್ಲ, ಕಂಪ್ಯೂಟರ್," ಅಂದ್ರು ಸರ್. "ನೀ ಏನ್ ಅಂದ್ರೂ ನಾ ಮಾತಾಡಂಗಿಲ್ಲ."

"ಏನ್ ಅಂದ್ರೂ?"

"ಏನ್ ಅಂದ್ರೂ."

"ಎಷ್ಟೊತ್ತನ ಹಿಂಗ?"

"ಎಲ್ಲಾ ಚಿತ್ರ ಮುಗಿಯೂತನಾ."

"ಹಂಗಾರ ಸಾವಕಾಶ ನೋಡೂಣು ತಡೀರಿ," ಅಂತ ಅಕ್ಕಾರು ಆರಾಮಾಗಿ ಗ್ವಾಡಿಗೆ ಆತಕೊಂಡ್ರು.

ಎಮ್ಮಿ ಬಂತು, "ಸುಮಾರು" ಒತ್ತಿದ್ರು. ನಮಗ ಸ್ವಲ್ಪ ಜೀವ ಬಂತು. ಆಮ್ಯಾಲ ಸರ್ ಹಸರು ಸೀರಿ ಚಿತ್ರ ಇಟ್ರು. ಅಕ್ಕಾರು ಮುಂದ ಬಗ್ಗಿ ನೋಡಿದ್ರು. ಬೆರಳು ಎತ್ತಿದ್ರು. ಟಪ್ಪಂತ ಒತ್ತಿದ್ರು: "ಇಷ್ಟವಾಗಲಿಲ್ಲ."

ಗೋಕಾಕ, ಮೂಡಲಗಿ ತಿರಿಗಿದ್ರೂ ಸಿಗಲಾರದ್ದು ಸಿಕ್ಕಿತ್ತು! ಗೆಳತಿ ನನ್ನ ತೊಡಿ ಚಿವುಟಿದ್ಲು. ವರ್ಷ ಉಳೀತು ಅಂತ ನನಗ ಕುಣೀಬೇಕು ಅನಿಸ್ತು. ಸರ್ ಮಾರಿ ಮಾತ್ರ ನೋಡಾಕ ಆಗವಲ್ದು. ಆದ್ರ ಕಂಪ್ಯೂಟರ್ ಅಲ್ಲೇನು, ಸುಮ್ಮನ ಮುಂದಿನ ಹಾಳಿ ಇಟ್ರು: "ಏನು ಸರಿಯಿಲ್ಲ? ಬಣ್ಣ, ಅಳತೆ, ಭಾವ."

ಅಕ್ಕಾರು ಮೂರೂ ಒತ್ತಿದ್ರು. "ಕುತ್ತಿಗಿ ನೋಡ ತಂಗಿ, ಎಷ್ಟುದ್ದ! ಮನ್ಯಾಗ ನಿಂತು ಓಣಿ ಬಾವ್ಯಾಗ ಇಣುಕತಾಳೇನು? ಒಂದ ಕಣ್ಣು ಸಂಕೇಶ್ವರ ಕಡೆ, ಇನ್ನೊಂದು ಘಟಪ್ರಭಾ ಕಡೆ."

ಹಾಳಿ ಬಂತು: "ಇನ್ನೇನಾದರೂ ಹೇಳುವುದಿದೆಯೇ?"

"ಹೌದು" ಒತ್ತಿದ್ರು. "ಮಾರ್ಯಾಗ ಒಂದು ಕಳೆ ಇಲ್ಲ. ಜಡ್ಡಾಗಿ ಎದ್ದಾಕಿ ಕಂಡಂಗ ಕಾಣತಾಳ."

ನೇಮದಂಗ ಮತ್ತ ಅದ ಹಾಳಿ ಬರಬೇಕು. ಸರ್ ಅದನ್ನ ಬಿಟ್ಟು ಸಾವಕಾಶ ಧಬಧಬಿ ಚಿತ್ರ ಎತ್ತಾಕ ಹೋದ್ರು. ಅಕ್ಕಾರು ಬಿಡಬೇಕಲ್ಲ! "ಏ ತಂಗಿ, ನಿಮ್ಮ ಕಂಪ್ಯೂಟರ್ ಕೆಟ್ಟೈತಿ ನೋಡು. ನನ್ನ ಮಾತ ಇನ್ನ ಮುಗದಿಲ್ಲ, ಇದು ಮುಂದ ಹೊಂಟೈತಿ."

ನಾ ಏನ್ ಮಾಡ್ಲಿ? ಸರ್ ಕೈಯಾಗ ಮತ್ತ ಅದ ಹಾಳಿ ಕೊಟ್ನಿ. ಅಕ್ಕಾರು ಮತ್ತ "ಹೌದು" ಒತ್ತಿದ್ರು. "ಪಾಪ, ಈಕಿನ್ನ ಕಟಗೊಂಡಾವ ಹೆಂಗ ದಿನಾ ಕಳೀತಾನೋ!"

ಕಂಪ್ಯೂಟರ್ ಗಂಟಲ ಕೆರಕೊಂತು.

"ಸೀರಿ ಒಂದು ಚಲೋ ಐತಿ. ಹಸರ ಸೀರಿ, ಕೆಂಪ ದಡಿ. ನನಗ ಮದವಿ ಆದ ಮರು ವರ್ಷ ಇವರು ತಂದದ್ದು ಹಿಂತಾದ ಇತ್ತು, ಈ ಖಿಡಕಿನೂ..." ಅಂದ ಅಕ್ಕಾರು ತಲಿ ಎತ್ತಿದ್ರು. ಎದುರಿಗೆ ಅದ ಖಿಡಕಿ. ಚಿತ್ರದಾಗ ಇದ್ದಂಗ ಅದರ ಒಂದ ಬಾಗಲಕ್ಕ ಕೊಂಡಿ ಇಲ್ಲ, ದಾರ ಕಟ್ಟಿತ್ತು. ಅಕ್ಕಾರು ಖಿಡಕಿ ನೋಡಿದ್ರು, ಚಿತ್ರ ನೋಡಿದ್ರು, ಡಬ್ಬಿ ಹಿಂದ ತಲಿ ಕೆಳಗ ಹಾಕಿ ಕುಂತ ಗಂಡನ್ನ ನೋಡಿದ್ರು.

ಆವಾಗ ಕಂಪ್ಯೂಟರ್ ಮಾತಾಡ್ತು. "ಅದು ನೀನ ಅದೀ. ಫ್ರೇಮ್ ಹಾಕಿಸಿ ನಿನಗ ಕೊಡೂಣಂತ ತಗದಿದ್ನಿ. ನಿನ್ನ ಕೇಳಿದ್ರ ನನ್ನ ಮುಂದ ಚಲೋ ಅಂತೀ ಅಂತ ಹಿಂಗ ಮಾಡಿದ್ನಿ."

ಅಕ್ಕಾರು ಸೆರಗು ಬಾಯಿಗೆ ಇಟ್ಟುಕೊಂಡ್ರು. ಕಣ್ಣಾಗ ನೀರು ಬಂದಿದ್ದು ನಾ ನೋಡಿದ್ನಿ, ಖರೆ. ಗೆಳತಿ ಬರಿಯೂದು ಬಿಟ್ಟು ನೆಲ ನೋಡಾಕ ಹತ್ತಿದ್ಲು. ಅಕ್ಕಾರು ನನ್ನ ಕಡೆ ಹೊಳ್ಳಿ ಮೆಲ್ಲಕ ಕೇಳಿದ್ರು, "ತಂಗಿ, ಒತ್ತಿದ್ದನ್ನ ಅಳಸೂ ಬಟನ್ ಎಲ್ಲೈತಿ?"

"ಅದನ್ನ ಮಾಡಿಲ್ರಿ ಅಕ್ಕಾರ."

"ಎಂಥಾ ಇಂಜಿನಿಯರ್ ಅದೀರವಾ! ಸಂಸಾರ ಇದ್ದವರ ಕೈಯಾಗ ಕೊಡೂ ಮಷೀನಿಗೆ ಅದ ಮೊದಲ ಬೇಕು."

ಸರ್ ಕಿಸೆದಾಗಿನ ಪೆನ್ನು ತಗದು, ನಮ್ಮ ಪ್ರಾಜೆಕ್ಟ್ ಹಾಳಿಗೆ ಅಲ್ಲೇ ಸಹಿ ಮಾಡಿದ್ರು. "ಅಳಸೂ ಬಟನ್ ಹಾಕಿ ಮುಂದ ನಡೀರಿ. ನಿಮ್ಮ ಅಕ್ಕಾರು ಅಂದದ್ದೆಲ್ಲಾ ಅಳಸಿಬಿಡ್ರಿ," ಅಂದ್ರು.

ಅಕ್ಕಾರು ಅಷ್ಟೊತ್ತಿಗೆ ಆ ಚಿತ್ರ ಡಬ್ಬ್ಯಾಗಿಂದ ತಗದು ಎದಿಗೆ ಅವಚಿಕೊಂಡು, ಅಡಗಿ ಮನಿ ಕಡೆ ಹೊಂಟವರು ಬಾಗಲದಾಗ ನಿಂತು ಹೊಳ್ಳಿ ನೋಡಿದ್ರು.

"ಎಲ್ಲಾ ಅಳಸು ತಂಗಿ. ಕುತ್ತಿಗಿದೊಂದು ಹಂಗ ಬಿಡು, ಅದು ಖರೇನ ಉದ್ದ ಆಗೇತಿ."